ತುಮಕೂರು ಸೀಮೆಯ ಮಳೆ, ಬಿಸಿಲು, ಚಳಿ

ಬೆಂಗಳೂರಿನಿಂದ ವಾಯವ್ಯಕ್ಕೆ 70 ಕಿ.ಮೀ. ದೂರದಲ್ಲಿರುವ ತುಮಕೂರು ನಗರವು ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನಗರದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಗುಬ್ಬಿ, ದಕ್ಷಿಣಕ್ಕೆ 40 ಕಿ.ಮೀ. ಒಳಗೆ ಕುಣಿಗಲ್. ಪ್ರವಾಸಿ ಕೈಪಿಡಿಗಳು ಈ ಭಾಗದ ಹವೆಯನ್ನು ‘ವರ್ಷವಿಡೀ ಹಿತಕರ’ ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುತ್ತವೆ. ಬಂದು ಹೋಗುವವರ ಮಟ್ಟಿಗೆ ಇದು ಸುಳ್ಳೇನಲ್ಲ. ಬಳ್ಳಾರಿಯ ಬಿಸಿಲು ಇಲ್ಲಿಲ್ಲ, ಕರಾವಳಿಯ ಸೆಕೆ ಇಲ್ಲ, ಮಲೆನಾಡಿನ ಜಡಿಮಳೆಯೂ ಇಲ್ಲ. ಆದರೆ ಇಲ್ಲಿಯೇ ಬಾಳುವವರಿಗೆ ಹವೆಯ ಹಿತಕ್ಕಿಂತ ಮಳೆಯ ಹೊತ್ತು ಮುಖ್ಯವಾದುದು. ಎಷ್ಟು ಮಳೆಯಾಯಿತು ಎಂಬುದಕ್ಕಿಂತ ಯಾವಾಗ ಆಯಿತು, ಎಲ್ಲಿ ಆಯಿತು ಎಂಬುದರ ಮೇಲೆ ರಾಗಿಯ ಹೊಲ, ತೆಂಗಿನ ತೋಟ ಮತ್ತು ನಗರದ ನಲ್ಲಿಗಳು ನಿಂತಿವೆ.

‘ಎಲ್ಲಿ’ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ವಿಶೇಷ ಅರ್ಥವಿದೆ. ಇಲ್ಲಿನ ನೀರು ಎರಡು ಮಳೆಗಳ ಫಲ. ಒಂದು, ತಲೆಯ ಮೇಲೆಯೇ ಸುರಿಯುವ ಮಳೆ. ಇನ್ನೊಂದು, ಪಶ್ಚಿಮಕ್ಕೆ ನೂರಾರು ಕಿ.ಮೀ. ಆಚೆ ಮೂಡಿಗೆರೆ, ಸಕಲೇಶಪುರಗಳ ಘಟ್ಟದ ಮೇಲೆ ಸುರಿದು, ಹೇಮಾವತಿಯಾಗಿ ಹರಿದು, ಗೊರೂರಿನ ಜಲಾಶಯದಿಂದ ನಾಲೆಯ ಮೂಲಕ ಬರುವ ಮಳೆ. ಈ ಎರಡಕ್ಕೂ ಕಾಲ ಬೇರೆ, ಸ್ವಭಾವ ಬೇರೆ. ಒಂದು ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿದದ್ದುಂಟು. ಎರಡೂ ಕೈಕೊಟ್ಟ ವರ್ಷಗಳೂ ಇವೆ.

ಮಳೆಯ ನೆರಳಿನ ನಾಡು

ಅರಬ್ಬಿ ಸಮುದ್ರದಿಂದ ಬೀಸುವ ನೈಋತ್ಯ ಮಾರುತಗಳು ಪಶ್ಚಿಮ ಘಟ್ಟವನ್ನು ಏರುವಾಗಲೇ ತಮ್ಮ ತೇವವನ್ನು ಬಹುಪಾಲು ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುವುದು ಇದೇ ಕಾರಣದಿಂದ. ಘಟ್ಟ ದಾಟಿ ಬಯಲಿಗಿಳಿದ ಗಾಳಿ ಒಣಗಿರುತ್ತದೆ. ತುಮಕೂರು ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸಿನಲ್ಲಿದೆ, ಪಕ್ಕದ ಬೆಂಗಳೂರು ನಗರಕ್ಕೆ ಸುಮಾರು 1000 ಮಿ.ಮೀ. ಬೀಳುತ್ತದೆ. ಜಿಲ್ಲೆಯ ಒಳಗೂ ಸಮಾನತೆ ಇಲ್ಲ. ದಕ್ಷಿಣದ ಕುಣಿಗಲ್, ತುಮಕೂರು, ಗುಬ್ಬಿ ತಾಲ್ಲೂಕುಗಳಿಗೆ ಸರಾಸರಿಗಿಂತ ಹೆಚ್ಚು ದೊರೆತರೆ, ಆಂಧ್ರದ ಗಡಿಯ ಪಾವಗಡ ಕನಿಷ್ಠ ಮಳೆಯ ತಾಲ್ಲೂಕು. ಮೋಡ ಕಡಿಮೆ, ಬಿಸಿಲು ಹೆಚ್ಚು ಎಂಬ ಕಾರಣದಿಂದಲೇ ಪಾವಗಡದಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿತು. ಹೊಟ್ಟೆಗೆ ಹಿಟ್ಟು ಕೊಡದ ಬಿಸಿಲು ಕಡೆಗೆ ವಿದ್ಯುತ್ತನ್ನಾದರೂ ಕೊಟ್ಟಿತು ಎನ್ನಬೇಕು.

ಪತ್ರಿಕೆ ಓದುವವರಿಗೆ ಇಲ್ಲಿ ಒಂದು ಗೊಂದಲ ಸಹಜ. ಜೂನ್ ಮೊದಲ ವಾರ ‘ಮುಂಗಾರು ಪ್ರವೇಶ’ ಎಂಬ ಶೀರ್ಷಿಕೆ ಬರುತ್ತದೆ. ಕರಾವಳಿಯಲ್ಲಿ ಹಳ್ಳಕೊಳ್ಳ ತುಂಬಿದ ಚಿತ್ರಗಳು ಬರುತ್ತವೆ. ಅದೇ ಹೊತ್ತಿಗೆ ತುಮಕೂರಿನಲ್ಲಿ ಮೋಡ ಕವಿದಿರುತ್ತದೆ, ಗಾಳಿ ಭರ್‍ರನೆ ಬೀಸುತ್ತದೆ, ನೆಲ ಮಾತ್ರ ನೆನೆಯುವುದಿಲ್ಲ. ಜೂನ್, ಜುಲೈ ಇಲ್ಲಿ ಗಾಳಿಯ ತಿಂಗಳುಗಳು. ಬರುವುದು ಹೆಚ್ಚಾಗಿ ತುಂತುರು, ಸೋನೆ. ಇಲ್ಲಿ ಮಳೆಗೆ ಎರಡು ಶಿಖರಗಳಿವೆ. ಮೇ ತಿಂಗಳ ಗುಡುಗು ಮಳೆಯದು ಚಿಕ್ಕದು, ಸೆಪ್ಟೆಂಬರ್-ಅಕ್ಟೋಬರ್‌ನದು ದೊಡ್ಡದು. ವರ್ಷದ ಮಳೆಯಲ್ಲಿ ಮೂರನೆಯ ಒಂದಕ್ಕೂ ಮಿಗಿಲಾದ ಪಾಲು ಈ ಕೊನೆಯ ಎರಡು ತಿಂಗಳಲ್ಲಿಯೇ ಬೀಳುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಮಳೆ ದಿನ’ವೆಂದರೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನ. ಅಂಥ ದಿನಗಳು ಇಲ್ಲಿ ವರ್ಷಕ್ಕೆ ನಲವತ್ತರಿಂದ ಐವತ್ತು. ಉಳಿದ ಮುನ್ನೂರು ಚಿಲ್ಲರೆ ದಿನಗಳನ್ನು ಆ ಐವತ್ತು ದಿನಗಳು ಸಾಕಬೇಕು.

ಬೇಸಿಗೆ ಮತ್ತು ಹದ ಮಳೆ

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎಂಬ ಮಾತು ನಾಡಿನ ಎಲ್ಲೆಡೆ ಇರುವಂತೆ ಇಲ್ಲಿಯೂ ಇದೆ. ಸಿದ್ಧಗಂಗೆಯ ಜಾತ್ರೆ ಮತ್ತು ದನಗಳ ಪರಿಷೆ ನಡೆಯುವುದು ಆಗಲೇ. ಪರಿಷೆ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತದೆ. ಮಾರ್ಚ್‌ನಲ್ಲಿ ಗಾಳಿಯಲ್ಲಿ ತೇವವೇ ಇರುವುದಿಲ್ಲ. ದೇವರಾಯನದುರ್ಗದ ಕುರುಚಲು ಕಾಡಿನಲ್ಲಿ ಬೆಂಕಿ ಬೀಳುವ ಭಯ ಅರಣ್ಯ ಸಿಬ್ಬಂದಿಗೆ ಹೆಚ್ಚುವುದು ಈ ದಿನಗಳಲ್ಲಿ.

ವರ್ಷದಲ್ಲಿ ಅತಿ ಹೆಚ್ಚು ಬಿಸಿಲಿನ ತಿಂಗಳು ಏಪ್ರಿಲ್. ಉತ್ತರ ಭಾರತದಂತೆ ಮೇ ಅಥವಾ ಜೂನ್ ಅಲ್ಲ. ತುಮಕೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಇಲ್ಲಿ ನಡುಮಧ್ಯಾಹ್ನ ನೆತ್ತಿಯ ಮೇಲೆಯೇ ಬಂದು ಕಂಬಕ್ಕೂ ನೆರಳಿಲ್ಲದಂತೆ ಮಾಡುತ್ತಾನೆ. ಆಗಸ್ಟ್ ಮಧ್ಯಭಾಗದಲ್ಲಿ ಮತ್ತೊಮ್ಮೆ ಹೀಗೆಯೇ ಬರುತ್ತಾನಾದರೂ ಮೋಡದ ದೆಸೆಯಿಂದ ಯಾರ ಗಮನಕ್ಕೂ ಬರುವುದಿಲ್ಲ. ಏಪ್ರಿಲ್‌ನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೆಟ್ಟ ವರ್ಷಗಳಲ್ಲಿ ಇನ್ನೂ ಮೂರು-ನಾಲ್ಕು ಡಿಗ್ರಿ ಏರುತ್ತದೆ. ಇದೇ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾದುದನ್ನು ನೆನೆದರೆ ಇಲ್ಲಿನ ಕಾವನ್ನೂ ಊಹಿಸಬಹುದು. ಆದರೂ ರಾತ್ರಿಗಳು ಒಂದಿಷ್ಟು ತಂಪಾಗುತ್ತವೆ. ಎತ್ತರದ ನೆಲದ ಉಪಕಾರವಿದು.

ಕಾದ ನೆಲದಿಂದ ಮೇಲೇಳುವ ಗಾಳಿಗೆ ಬಂಗಾಳ ಕೊಲ್ಲಿಯ ಕಡೆಯಿಂದ ಒಂದಿಷ್ಟು ತೇವ ಸೇರಿದರೆ ಸಂಜೆಯ ಹೊತ್ತಿಗೆ ಗುಡುಗು ಮಳೆ ಸಿದ್ಧ. ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗಿನ ಈ ಮಳೆ ಊರಿಂದೂರಿಗೆ ಬೇರೆ. ಗುಬ್ಬಿಯಲ್ಲಿ ಚರಂಡಿ ತುಂಬಿ ಹರಿದ ಸಂಜೆ ತುಮಕೂರಿನಲ್ಲಿ ದೂಳು ಹಾರಿರುತ್ತದೆ. ಆಲಿಕಲ್ಲು ಬೀಳುವುದೂ ಆಗಲೇ, ಸಿಡಿಲಿನ ಸಾವುಗಳು ಸುದ್ದಿಯಾಗುವುದೂ ಆಗಲೇ. ಗೊನೆಬಿಟ್ಟ ಬಾಳೆ, ಎಲೆಬಳ್ಳಿಯ ತೋಟ, ಹೆಂಚಿನ ಮನೆ ಇವು ಮೂರಕ್ಕೂ ಮೇ ತಿಂಗಳ ಬಿರುಗಾಳಿ ಕಂಟಕ.

ರೈತರ ಪಂಚಾಂಗದಲ್ಲಿ ಮಳೆಗಳಿಗೆ ನಕ್ಷತ್ರಗಳ ಹೆಸರು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಅವಧಿಯೇ ಒಂದು ಮಳೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿಯಿಂದ ಎಣಿಕೆ ಮೊದಲಾಗುತ್ತದೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಕೊನೆಯ ವಾರದಲ್ಲಿ ರೋಹಿಣಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯ ಹಿಂದೆ ಲೆಕ್ಕಾಚಾರವಿದೆ. ಈ ಮಳೆಗೆ ನೆಲ ಹದವಾದರೆ ಉಳುಮೆ ಸಲೀಸು. ಹೆಸರು, ಅಲಸಂದೆ, ಎಳ್ಳುಗಳಂಥ ಪೂರ್ವ ಮುಂಗಾರಿನ ಬೆಳೆ ಬಿತ್ತಿ, ರಾಗಿಯ ಹೊತ್ತಿಗೆ ಹೊಲ ಬಿಡಿಸಿಕೊಳ್ಳಬಹುದು. ನಕ್ಷತ್ರ ಮಳೆ ತರುತ್ತದೆ ಎಂಬುದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಆದರೆ ಸೂರ್ಯನ ಚಲನೆಗೆ ಕಟ್ಟಿದ ಈ ಕ್ಯಾಲೆಂಡರು ಋತುವಿನ ಜೊತೆಗೇ ಸಾಗುವುದರಿಂದ ತಲೆಮಾರುಗಳ ಅನುಭವವನ್ನು ನೆನಪಿಡಲು ಇದಕ್ಕಿಂತ ಸುಲಭದ ಸಾಧನ ಇರಲಿಲ್ಲ.

2025ರ ಮೇ ತಿಂಗಳು ಈ ನೆನಪುಗಳನ್ನೆಲ್ಲ ಮೀರಿಸಿತು. ಆ ವರ್ಷ ನೈಋತ್ಯ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ರಾಜ್ಯದಲ್ಲಿ ಮೇ ತಿಂಗಳ ಮಳೆ ಶತಮಾನದ ದಾಖಲೆಯನ್ನು ಮುರಿಯಿತು. ಅಷ್ಟೊಂದು ಮಳೆ ಬಂದದ್ದು ಒಳ್ಳೆಯದೇ ಅಲ್ಲವೇ ಎಂದು ನಗರದವರು ಕೇಳಬಹುದು. ಕೆರೆಗೆ ಒಳ್ಳೆಯದು, ಅಂತರ್ಜಲಕ್ಕೆ ಒಳ್ಳೆಯದು. ರಾಗಿಯ ಬಿತ್ತನೆಗೆ ಮಾತ್ರ ಮೇ ತಿಂಗಳ ಮಳೆ ಲೆಕ್ಕಕ್ಕೆ ಬಾರದು.

ರಾಗಿಯ ಕಾಲ

ಮಳೆಯಾಶ್ರಿತ ರಾಗಿಯ ಬಿತ್ತನೆ ಜುಲೈಯಿಂದ ಆಗಸ್ಟ್‌ವರೆಗೆ, ಪುನರ್ವಸು, ಪುಷ್ಯ, ಆಶ್ಲೇಷಗಳಲ್ಲಿ ನಡೆಯುತ್ತದೆ. ಕೂರಿಗೆಯಲ್ಲಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹಾಕುವುದು ಇಲ್ಲಿನ ಹಳೆಯ ರೂಢಿ. ಒಂದು ಬೆಳೆ ಹೋದರೆ ಇನ್ನೊಂದು ಉಳಿಯಲಿ ಎಂಬ ಎಣಿಕೆ ಅದರ ಹಿಂದಿದೆ. ವಿಮಾ ಕಂಪನಿಗಳು ಹುಟ್ಟುವುದಕ್ಕೆ ಮೊದಲೇ ಹೊಲದಲ್ಲಿ ಬರೆದುಕೊಂಡ ವಿಮೆಯಿದು.

ಮಳೆ ತಡವಾದಷ್ಟೂ ತಳಿ ಬದಲಾಗಬೇಕು. ಜುಲೈಯಲ್ಲೇ ಹದವಾದರೆ ನಾಲ್ಕು ತಿಂಗಳ ದೀರ್ಘಾವಧಿಯ ಎಂಆರ್-1, ಎಂಆರ್-6ರಂಥ ತಳಿಗಳು. ಸ್ವಲ್ಪ ತಡವಾದರೆ 110ರಿಂದ 115 ದಿನಗಳ ಜಿಪಿಯು-28. ಆಗಸ್ಟ್ ಜಾರಿದರೆ ನೂರು ದಿನಗಳ ಒಳಗೆ ಬರುವ ಜಿಪಿಯು-48. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂದ ಈ ಅಲ್ಪಾವಧಿ ತಳಿಗಳು ಇಲ್ಲದಿದ್ದರೆ ಎಷ್ಟೋ ವರ್ಷ ಹೊಲಗಳು ಬೀಳಾಗಿಯೇ ಉಳಿಯುತ್ತಿದ್ದವು. ಅಲ್ಪಾವಧಿ ತಳಿಯಲ್ಲಿ ಇಳುವರಿಯೂ ಹುಲ್ಲೂ ತುಸು ಕಡಿಮೆ. ಮನೆಯಲ್ಲಿ ನಾಲ್ಕು ದನ ಇರುವವರಿಗೆ ಹುಲ್ಲಿನ ನಷ್ಟ ಕಾಳಿನ ನಷ್ಟದಷ್ಟೇ ದೊಡ್ಡದು.

ರಾಗಿ ಬರವನ್ನು ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ತೆಂಡೆ ಹೊಡೆಯುವಾಗ ಮತ್ತು ತೆನೆ ಹೊರಡುವಾಗ ಮೂರು ವಾರ ಹನಿ ಬೀಳದಿದ್ದರೆ ಅದೂ ಸೋಲುತ್ತದೆ. ಇದರಿಂದಾಗಿಯೇ ವರ್ಷದ ಒಟ್ಟು ಮಳೆಯ ಅಂಕಿ ರೈತನಿಗೆ ಏನನ್ನೂ ಹೇಳುವುದಿಲ್ಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಸತತ ಮೂರು ವಾರಗಳ ಒಣಹವೆಯನ್ನೂ ಮಾನದಂಡವಾಗಿ ಎಣಿಸಿದ್ದು ಈ ದೃಷ್ಟಿಯಿಂದ ಸರಿಯಾಗಿದೆ. 2023ರಲ್ಲಿ ಎಲ್ ನಿನೊ ಪ್ರಭಾವದ ನಡುವೆ ದೇಶವು 1901ರಿಂದೀಚೆಗಿನ ಅತಿ ಒಣ ಆಗಸ್ಟ್ ತಿಂಗಳನ್ನು ಕಂಡಿತು. ರಾಗಿ ಮೊಳೆತು ನಿಲ್ಲಬೇಕಾದ ತಿಂಗಳದು. ಆ ವರ್ಷ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು.

ತೆಂಗಿನ ಕಥೆ ಬೇರೆ. ರಾಗಿಗೆ ಬರ ಬಂದರೆ ಆ ವರ್ಷದ ಬೆಳೆ ಹೋಗುತ್ತದೆ, ಮುಂದಿನ ವರ್ಷ ಹೊಸ ಬಿತ್ತನೆ. ತೆಂಗು ಹಳೆಯ ಬರವನ್ನು ಮರೆಯುವುದಿಲ್ಲ. ಹೊಂಬಾಳೆ ಮರದೊಳಗೆ ರೂಪುಗೊಳ್ಳಲು ಮೊದಲಾಗುವುದು ಅದು ಹೊರಗೆ ಕಾಣುವುದಕ್ಕೆ ಎರಡು ವರ್ಷಕ್ಕೂ ಹಿಂದೆ. ಅರಳಿದ ಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ. ಹೀಗಾಗಿ ಒಂದು ಬೇಸಿಗೆಯ ಪೆಟ್ಟು ಮುಂದಿನ ಎರಡು-ಮೂರು ವರ್ಷಗಳ ಇಳುವರಿಯಲ್ಲಿ ಕಾಣುತ್ತದೆ. 2023ರ ಬರ, 2024ರ ಬೇಸಿಗೆಯ ಕಾವು, ಅದರ ಜೊತೆಗೆ ಕಪ್ಪುತಲೆ ಹುಳು, ಬಿಳಿನೊಣಗಳ ಕಾಟ. ಇವೆಲ್ಲ ಸೇರಿ 2025ರಲ್ಲಿ ಕಾಯಿ ಕಡಿಮೆಯಾಗಿ, ಪಕ್ಕದ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 20 ಸಾವಿರ ರೂಪಾಯಿ ದಾಟಿತು. ಬೆಲೆ ಏರಿದಾಗ ಮಾರಲು ಕೊಬ್ಬರಿಯೇ ಇಲ್ಲದ ಬೆಳೆಗಾರರು ಗುಬ್ಬಿ ತಾಲ್ಲೂಕಿನಲ್ಲಿ ಕಡಿಮೆಯೇನಿರಲಿಲ್ಲ. ಇದೇ ತಾಲ್ಲೂಕಿನ ಚೇಳೂರು ಕಡೆಯ ಹಲಸು ಮಾತ್ರ ಹೊಲದ ಬದುವಿನಲ್ಲಿ ಯಾರ ಆರೈಕೆಯೂ ಇಲ್ಲದೆ ಇಂಥ ವರ್ಷಗಳನ್ನು ದಾಟಿಕೊಂಡು ಬಂದಿದೆ. ಕೆಂಪು ತೊಳೆಯ ‘ಸಿದ್ದು’ ತಳಿ ಹೆಸರಾದದ್ದು ಅಲ್ಲಿಂದಲೇ.

ದೂರದ ಮಳೆ, ಹತ್ತಿರದ ಜಗಳ

ಜುಲೈಯಲ್ಲಿ ತುಮಕೂರಿನ ಆಕಾಶ ಬರಿದೆ ಗುಡುಗದೆ ಗಾಳಿ ಬೀಸುತ್ತಿರುವಾಗ ಇಲ್ಲಿನ ಜನ ನೋಡುವುದು ಹಾಸನ ಜಿಲ್ಲೆಯ ಕಡೆಗೆ. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಜಲಾಶಯದ ಸಾಮರ್ಥ್ಯ 37.1 ಟಿಎಂಸಿ, ಪೂರ್ಣ ಮಟ್ಟ 2922 ಅಡಿ. ಅಲ್ಲಿಂದ ಎಡದಂಡೆ ನಾಲೆ ಬಾಗೂರು-ನವಿಲೆ ಸುರಂಗದ ಮೂಲಕ ಈ ಜಿಲ್ಲೆಗೆ ನೀರು ತರುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ ತಾಲ್ಲೂಕುಗಳ ಕೆರೆಗಳು, ತುಮಕೂರು ನಗರಕ್ಕೆ ಕುಡಿಯುವ ನೀರು ಒದಗಿಸುವ ಬುಗುಡನಹಳ್ಳಿ ಕೆರೆ, ಕಡೆಗೆ ಕುಣಿಗಲ್ ಇವೆಲ್ಲ ಈ ನಾಲೆಯ ಮೇಲೆ ಕಣ್ಣಿಟ್ಟಿವೆ. ಸಕಲೇಶಪುರದಲ್ಲಿ ಮಳೆ ಜೋರಾದರೆ ತುಮಕೂರಿನ ನಲ್ಲಿಗೆ ಭರವಸೆ. ಹೇಮಾವತಿ ಕಾವೇರಿಯ ಉಪನದಿಯಾದುದರಿಂದ ಈ ನೀರು ಕಾವೇರಿ ಕಣಿವೆಯ ಹಂಚಿಕೆಗೂ, 2007ರ ನ್ಯಾಯಮಂಡಳಿ ತೀರ್ಪಿಗೂ, 2018ರ ಸುಪ್ರೀಂ ಕೋರ್ಟ್ ತೀರ್ಪಿಗೂ ಒಳಪಟ್ಟದ್ದು. ಎಂದರೆ ತಮಿಳುನಾಡಿನ ಡೆಲ್ಟಾದಲ್ಲಿ ಮಳೆ ತಪ್ಪಿದರೂ ಅದರ ಬಿಸಿ ಇಲ್ಲಿಗೆ ತಾಗಬಹುದು.

ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ತನ್ನ ಪಾಲಿನ ನೀರು ಪೂರ್ತಿ ಮುಟ್ಟುವುದಿಲ್ಲ ಎಂಬುದು ಆ ತಾಲ್ಲೂಕಿನವರ ಬಹುಕಾಲದ ದೂರು. ಇದಕ್ಕೆ ಪರಿಹಾರವಾಗಿ ಸುಮಾರು 35 ಕಿ.ಮೀ. ಉದ್ದದ, ಸಾವಿರ ಕೋಟಿ ರೂಪಾಯಿ ಆಸುಪಾಸಿನ ‘ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್’ ಯೋಜನೆ ರೂಪುಗೊಂಡಿತು. ಮುಖ್ಯ ನಾಲೆಯಿಂದ ನಡುವೆಯೇ ಕೊಳವೆಯಲ್ಲಿ ನೀರು ತೆಗೆದು ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವುದು ಇದರ ಉದ್ದೇಶ. ಆಚೆಯ ಮಾಗಡಿಗೂ ನೀರು ಹೋಗಲಿದೆ ಎಂಬುದು ವಿವಾದದ ಇನ್ನೊಂದು ಎಳೆ. ತಮ್ಮ ಕೆರೆಗಳು ಬರಿದಾಗುತ್ತವೆ ಎಂದು ಗುಬ್ಬಿ, ತುಮಕೂರು ಭಾಗದ ರೈತರು ವಿರೋಧಿಸಿದರು. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಸಾವಿರಾರು ಜನ ಸೇರಿ ಕಾಮಗಾರಿಯನ್ನು ತಡೆದರು. ಆ ಮೇ ತಿಂಗಳಲ್ಲೇ ದಾಖಲೆಯ ಮಳೆ ಸುರಿದಿತ್ತೆಂಬುದನ್ನು ಇಲ್ಲಿ ನೆನಪಿಸಬೇಕು. ಮಳೆಯ ನಡುವೆಯೂ ಜನ ನಾಲೆಗಾಗಿ ಬೀದಿಗಿಳಿದರೆಂದರೆ, ತಲೆಯ ಮೇಲಿನ ಮೋಡವನ್ನು ಅವರು ಎಷ್ಟರಮಟ್ಟಿಗೆ ನಂಬಿದ್ದಾರೆ ಎಂಬುದು ಗೊತ್ತಾಗುತ್ತದೆ. ಎರಡೂ ಕಡೆಯವರ ಆತಂಕಕ್ಕೆ ಆಧಾರವಿದೆ. ಕೊನೆಯ ಊರಿಗೆ ನೀರು ಮುಟ್ಟದಿರುವುದೂ ನಿಜ, ಘಟ್ಟದಲ್ಲಿ ಮಳೆ ಕಡಿಮೆಯಾದ ವರ್ಷ ನಾಲೆಯಲ್ಲಿ ಹಂಚಲು ನೀರೇ ಇರದೆಂಬುದೂ ನಿಜ.

ಹಸ್ತ, ಚಿತ್ತ, ಸ್ವಾತಿ

ಸೆಪ್ಟೆಂಬರ್ ಬಂದಂತೆ ಗಾಳಿ ಸಡಿಲುತ್ತದೆ. ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು. ಉತ್ತರೆ, ಹಸ್ತ, ಚಿತ್ತ, ಸ್ವಾತಿ ಮಳೆಗಳು ಈ ಸೀಮೆಯ ನಿಜವಾದ ಮಳೆಗಳು. ಮುಂಗಾರು ಹಿಂದೆ ಸರಿಯುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಮೂಡಿ ಪೂರ್ವದಿಂದ ತೇವ ತರುತ್ತವೆ. ಪಶ್ಚಿಮದ ಗಾಳಿಗೆ ಅಡ್ಡನಿಂತ ಘಟ್ಟ ಪೂರ್ವದ ಗಾಳಿಗೆ ಅಡ್ಡವಿಲ್ಲವಲ್ಲ. ಮೇ ತಿಂಗಳ ಮಳೆ ಒಣನೆಲದಲ್ಲಿ ಇಂಗಿಹೋಗುತ್ತದೆ. ಈ ಮಳೆ ಮೊದಲೇ ನೆನೆದ ನೆಲದ ಮೇಲೆ ಬೀಳುವುದರಿಂದ ಹರಿದು ಕೆರೆ ಸೇರುತ್ತದೆ. ಕೆರೆ ತುಂಬುವುದು, ತುಂಬದಿರುವುದು ತೀರ್ಮಾನವಾಗುವುದು ಅಕ್ಟೋಬರ್‌ನಲ್ಲಿ.

ಹಿಂದಿನವರು ಕೆರೆಗಳನ್ನು ಸರಣಿಯಾಗಿ ಕಟ್ಟಿದ್ದರ ಜಾಣ್ಮೆ ಆಗ ಕಾಣುತ್ತದೆ. ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಶಿಂಷೆಗೆ ಅಡ್ಡಲಾಗಿರುವ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆ, ತುಮಕೂರಿನ ಅಮಾನಿಕೆರೆ ಇವು ಪ್ರಸಿದ್ಧವಾದವು. ಹೆಸರಿಲ್ಲದ ಚಿಕ್ಕ ಕೆರೆಕಟ್ಟೆಗಳು ನೂರಾರು. ನಗರ ಬೆಳೆದಂತೆ ಕೆರೆಗಳ ನಡುವಿನ ರಾಜಕಾಲುವೆಗಳು ಕಿರಿದಾಗಿವೆ; ಅಕ್ಟೋಬರ್ ಮಳೆಗೆ ತುಮಕೂರಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುವುದು ಮೋಡದ ತಪ್ಪಲ್ಲ. 2020ರಿಂದ 2022ರವರೆಗೆ ಸತತ ಮೂರು ವರ್ಷ ಲಾ ನಿನಾ ಸ್ಥಿತಿಯಿತ್ತು. 2022ರಲ್ಲಿ ದಶಕಗಳಿಂದ ತುಂಬದ ಕೆರೆಗಳೂ ಜಿಲ್ಲೆಯಲ್ಲಿ ಕೋಡಿ ಬಿದ್ದವು. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ತುಂಬಿ ಹರಿದದ್ದು ಅದೇ ಸೆಪ್ಟೆಂಬರ್‌ನಲ್ಲಿ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷೆಗೆ ಕಟ್ಟಿದ ಈ ಅಣೆಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್ ವ್ಯವಸ್ಥೆಯಿದೆ. ನೀರು ಪೂರ್ಣ ಮಟ್ಟ ಮೀರಿದೊಡನೆ ಸೈಫನ್ ತಾನಾಗಿಯೇ ಹೀರತೊಡಗಿ ಹೆಚ್ಚುವರಿ ನೀರನ್ನು ಕೆಳಗೆ ಬಿಡುತ್ತದೆ. ಗೇಟು ಎತ್ತುವವರು ಬೇಕಿಲ್ಲ, ಮೇಲಿನವರ ಅಪ್ಪಣೆ ಬೇಕಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡಲೇಬೇಕಾದ ಕೆಲಸ. ಕೆಳಗೆ ನಿಂತವರಿಗೆ ಮಾತ್ರ ಅದೇ ಅಪಾಯ. ಎಲ್ಲೋ ಮೇಲೆ ಗುಬ್ಬಿ, ತುರುವೇಕೆರೆ ಕಡೆ ರಾತ್ರಿ ಬಿದ್ದ ಮಳೆ ಮರುದಿನ ಬಿಸಿಲಿನಲ್ಲಿ ಇಲ್ಲಿಗೆ ಬಂದು ಸೈಫನ್ ಎಬ್ಬಿಸಬಹುದು. 2025ರ ಅಕ್ಟೋಬರ್‌ನಲ್ಲಿ ವಿಹಾರಕ್ಕೆ ಬಂದು ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಹಠಾತ್ತನೆ ಬಂದ ಹರಿವಿನಲ್ಲಿ ಕೊಚ್ಚಿಹೋದರು. ಹಸ್ತ, ಚಿತ್ತ ಮಳೆಗಳ ಕಾಲದಲ್ಲಿ ಅಲ್ಲಿಗೆ ಹೋಗುವವರು ಏರಿಯ ಮೇಲಿಂದ ನೋಡಿ ಬರುವುದು ಕ್ಷೇಮ.

ನವೆಂಬರ್ ಮಳೆಯನ್ನು ಯಾರೂ ಬಯಸುವುದಿಲ್ಲ. ರಾಗಿ ಕೊಯ್ದು ಅರಿ ಹಾಕಿದ ಹೊತ್ತದು. 2021ರ ನವೆಂಬರ್‌ನಲ್ಲಿ ವಾರಗಟ್ಟಲೆ ಮೋಡ ಬಿಚ್ಚದೆ ಸುರಿದಾಗ ತೆನೆಗಳು ಹೊಲದಲ್ಲಿಯೇ ಮೊಳಕೆಯೊಡೆದವು, ಹುಲ್ಲು ಕೊಳೆಯಿತು. ಮಳೆಯ ಅಂಕಿಯಲ್ಲಿ ಅದು ‘ವಾಡಿಕೆಗಿಂತ ಹೆಚ್ಚು’ ಎಂದು ದಾಖಲಾದ ವರ್ಷ. 2024ರ ನವೆಂಬರ್ ಕೊನೆಗೆ ತಮಿಳುನಾಡು ಕರಾವಳಿಗೆ ಅಪ್ಪಳಿಸಿದ ‘ಫೆಂಜಲ್’ ಚಂಡಮಾರುತದ ಮೋಡಗಳೂ ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಒಳನಾಡಿನ ಒಕ್ಕಣೆಯನ್ನು ಕೆಡಿಸಿದವು. ಡಿಸೆಂಬರ್‌ನಲ್ಲಿ ಈ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಾರು ಓಡಿಸುವ ನಗರವಾಸಿಗಳು ರಸ್ತೆಗೆ ಹರಡಿದ ರಾಗಿ, ಹುರುಳಿಯನ್ನು ಕಂಡು ಬೇಸರಪಡುವುದುಂಟು. ಕಣ ಒದ್ದೆಯಾದಾಗ ಒಣ ಟಾರು ರಸ್ತೆಗಿಂತ ಬೇರೆ ಕಣವಿಲ್ಲ.

ಬೆಟ್ಟಗಳು ಮಾಡುವುದೇನು?

ತುಮಕೂರಿನ ಸುತ್ತ ಬೆಟ್ಟಗಳಿಗೆ ಕೊರತೆಯಿಲ್ಲ. ಈಶಾನ್ಯಕ್ಕೆ ದೇವರಾಯನದುರ್ಗ, ಬೆಂಗಳೂರು ದಾರಿಯಲ್ಲಿ ಶಿವಗಂಗೆ, ಕುಣಿಗಲ್ ಕಡೆಗೆ ಹುತ್ರಿದುರ್ಗ, ಹುಲಿಯೂರುದುರ್ಗ. ಇವು ಮಳೆ ತರಿಸುತ್ತವೆ ಎಂದು ಹಲವರು ನಂಬಿದ್ದಾರೆ. ಪಶ್ಚಿಮ ಘಟ್ಟದಂತೆ ಉದ್ದನೆಯ ಗೋಡೆಯಾಗಿ ನಿಲ್ಲದ ಈ ಬಿಡಿ ಬೆಟ್ಟಗಳಿಗೆ ಅಂಥ ಶಕ್ತಿ ಕಡಿಮೆ. ತಂಪು ಮಾತ್ರ ನಿಜ. ದೇವರಾಯನದುರ್ಗದ ಎತ್ತರ ಸುಮಾರು 1200 ಮೀಟರ್, ಎಂದರೆ ನಗರಕ್ಕಿಂತ 400 ಮೀಟರ್ ಮೇಲೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯ ಲೆಕ್ಕದಲ್ಲಿ ಅಲ್ಲಿನ ಹವೆ ನಗರಕ್ಕಿಂತ ಎರಡೂವರೆ ಡಿಗ್ರಿಯಷ್ಟು ತಂಪು. ಏಪ್ರಿಲ್ ಸಂಜೆ ಬೆಟ್ಟ ಹತ್ತಿದವರಿಗೆ ಅಷ್ಟು ಸಾಕು.

ಬೆಟ್ಟಗಳ ದೊಡ್ಡ ಕೆಲಸವೆಂದರೆ ಬಿದ್ದ ನೀರನ್ನು ಹಂಚುವುದು. ದೇವರಾಯನದುರ್ಗದ ಸಾಲಿನಲ್ಲಿ ಹುಟ್ಟುವ ಶಿಂಷೆ ದಕ್ಷಿಣಕ್ಕೆ ಹರಿದು ಕಾವೇರಿ ಸೇರಿದರೆ, ಅಲ್ಲಿಯೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ನೀರು ವೇದಾವತಿಯ ಮೂಲಕ ಕೃಷ್ಣಾ ಕಣಿವೆಗೆ ಹೋಗುತ್ತದೆ. ಮೂರು ಕಣಿವೆಗಳಿಗೆ ತಲೆಯಾಗಿರುವ ಜಿಲ್ಲೆಗೆ ತನ್ನದೆಂಬ ದೊಡ್ಡ ನದಿಯಿಲ್ಲದಿರುವುದು ಇದರಿಂದಲೇ. ನೀರು ಹುಟ್ಟಿದಲ್ಲಿ ನಿಲ್ಲುವುದಿಲ್ಲ. ಬಂಡೆಯ ನಡುವೆ ಬತ್ತದೆ ಜಿನುಗುವ ನಾಮದ ಚಿಲುಮೆ ಪ್ರವಾಸಿಗರಿಗೆ ಪ್ರಿಯ. ಸುತ್ತಲಿನ ಊರುಗಳಲ್ಲಿ ಕೊಳವೆ ಬಾವಿಗಳು ಗಟ್ಟಿ ಶಿಲೆಯ ಬಿರುಕುಗಳನ್ನು ಹುಡುಕುತ್ತ ಸಾವಿರ ಅಡಿಯ ಆಳಕ್ಕೆ ಇಳಿದಿವೆ.

ಚಳಿಗಾಲ

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗಿನ ದಿನಗಳು ಇಲ್ಲಿನ ಅತ್ಯುತ್ತಮ ಹವೆಯ ದಿನಗಳು. ಕನಿಷ್ಠ ಉಷ್ಣಾಂಶ 15 ಡಿಗ್ರಿ ಆಸುಪಾಸು, ಉತ್ತರದ ಒಣಗಾಳಿ ಬೀಸಿದ ವರ್ಷ 12ಕ್ಕೂ ಕೆಳಗೆ. ಹಗಲು ಬೆಚ್ಚಗೆ. ನೆಲಮಂಗಲದಿಂದ ತುಮಕೂರಿನವರೆಗಿನ ಹೆದ್ದಾರಿಯಲ್ಲಿ, ಮುಖ್ಯವಾಗಿ ದಾಬಸ್‌ಪೇಟೆಯ ಸುತ್ತ, ಬೆಳಗಿನ ಎಂಟರವರೆಗೂ ಮಂಜು ಕವಿದಿರುತ್ತದೆ. ಬೆಂಗಳೂರಿಗೆ ನಿತ್ಯ ಓಡಾಡುವವರು ಆ ದಿನಗಳಲ್ಲಿ ರೈಲನ್ನು ನೆಚ್ಚುವುದು ಜಾಣತನ. ಅತಿ ಸೆಕೆಯೂ ಅತಿ ತೇವವೂ ಇಲ್ಲದ ಈ ಹವೆ ಕುದುರೆಗಳಿಗೂ ಒಗ್ಗಿತೆಂಬುದಕ್ಕೆ ಟಿಪ್ಪು ಸುಲ್ತಾನನ ಕಾಲದ ಹಿನ್ನೆಲೆಯುಳ್ಳ ಕುಣಿಗಲ್ ಕುದುರೆ ಫಾರಂ ಸಾಕ್ಷಿ.

ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎನ್ನುತ್ತಾರೆ. ರಾಗಿಯ ಅಕ್ಕಡಿಯಲ್ಲಿ ಬಿತ್ತಿದ ಅವರೆ, ರಾಗಿ ಕೊಯ್ದ ಮೇಲೆ ನೆಲದಲ್ಲುಳಿದ ತೇವ ಮತ್ತು ಇಬ್ಬನಿಯನ್ನೇ ನಂಬಿ ಕಾಯಿ ಕಟ್ಟುತ್ತದೆ. ಜನವರಿಯಲ್ಲಿ ತುಮಕೂರು ಮಾರುಕಟ್ಟೆಗೆ ಅವರೆಕಾಯಿ ಬರುವ ಪ್ರಮಾಣ ನೋಡಿ ಹಿಂದಿನ ಅಕ್ಟೋಬರ್ ಹೇಗಿತ್ತೆಂದು ಹೇಳಬಲ್ಲ ಹಳಬರಿದ್ದಾರೆ. ಈಗ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆಯದು. ತಮ್ಮ ಊರಿಗೆ ಎಷ್ಟು ಮಳೆಯಾಯಿತೆಂದು ತಿಳಿಯಲು ಜಿಲ್ಲಾ ಸರಾಸರಿಯನ್ನು ನೋಡಬೇಕಾದ ಕಾಲ ಹೋಯಿತು.

ಫೆಬ್ರವರಿ ಬಂದರೆ ಲೆಕ್ಕ ಬೇರೆಯದು. ಮಳೆಯ ಮಾತು ನಿಂತು ಸಂಗ್ರಹದ ಮಾತು ಮೊದಲಾಗುತ್ತದೆ. ಬುಗುಡನಹಳ್ಳಿಯಲ್ಲಿ ಎಷ್ಟು ಅಡಿ ನೀರಿದೆ, ಕುಣಿಗಲ್ ದೊಡ್ಡಕೆರೆಯಲ್ಲಿ ಎಷ್ಟಿದೆ, ಘಟ್ಟದಲ್ಲಿ ಮುಂದಿನ ಮಳೆ ಬಿದ್ದು ನಾಲೆಗೆ ಮತ್ತೆ ನೀರು ಬಿಡುವವರೆಗಿನ ಐದು ತಿಂಗಳಿಗೆ ಅದು ಸಾಲುತ್ತದೆಯೇ ಎಂದು ಅಧಿಕಾರಿಗಳು ಎಣಿಸಲು ಕೂರುತ್ತಾರೆ. ಅಷ್ಟರಲ್ಲಿ ಸಿದ್ಧಗಂಗೆಯ ಬಯಲಿನಲ್ಲಿ ಪರಿಷೆಗೆ ದನಗಳು ಬಂದು ಸೇರತೊಡಗಿರುತ್ತವೆ.